ಹಳ್ಳಕ್ಕೆ ಬ್ಯಾಕ್ಟೀರಿಯಾ ಪುಡಿ ಬೇಡ, ನೀರಿಗೆ ಸ್ವಲ್ಪ ಪುರುಸೊತ್ತು ಬೇಕು

ಪ್ರಶ್ನೆ: ನಮ್ಮೂರು ಕೊಪ್ಪದ ಹತ್ರ. ಈಗ ಅಮೆರಿಕದ ಮೇರಿಲ್ಯಾಂಡಲ್ಲಿ, ಬಾಲ್ಟಿಮೋರ್ ಸಿಟಿಯ ಹೊರಗಡೆ ಇದ್ದೀವಿ. ಮನೆ ಹಿಂದೆ ಒಂದು ಸಣ್ಣ ಹಳ್ಳ ಇದೆ. ಅದನ್ನ ರೆಸ್ಟೋರ್ ಮಾಡ್ತೀವಿ ಅಂತ ಜೆಸಿಬಿ ತಂದು, ದಂಡೆ ಮೇಲಿದ್ದ ಮರಾನೂ ಕಡಿದು, ಹಳ್ಳದ ಒಳಗೆ ಕಲ್ಲು, ದಿಮ್ಮಿ ಎಲ್ಲ ಇಡ್ತಿದ್ದಾರೆ. ಕೇಳಿದ್ರೆ ನೈಟ್ರೋಜನ್ ತೆಗೆಯೋಕೆ, ಬ್ಯಾಕ್ಟೀರಿಯಾ ಕೆಲಸ ಮಾಡ್ಲಿ ಅಂತ ಅಂತಾರೆ. ಇದು ನಿಜಾನಾ ಇಲ್ಲಾ ಕಂಟ್ರಾಕ್ಟ್ ದಂಧೆಯಾ? ನಮ್ಮೂರ ಕಾಡಿನ ಹಳ್ಳದ ನೀರು ಅಷ್ಟು ಚೆನ್ನಾಗಿರೋದು ಅಲ್ಲಿ ಒಳ್ಳೆ ಬ್ಯಾಕ್ಟೀರಿಯಾ ಇರೋದಕ್ಕಾ? ಹಾಗಿದ್ರೆ ಇಂಡಿಯಾದಲ್ಲಿ ಕೆರೆಗೆ, ಟಾಯ್ಲೆಟ್ ಗುಂಡಿಗೆ ಹಾಕೋ ಬ್ಯಾಕ್ಟೀರಿಯಾ ಪುಡಿ ಬರತ್ತಲ್ಲ, ಅದನ್ನೇ ಸುರಿದ್ರೆ ಆಗಲ್ವಾ? ಊರಲ್ಲಿ ಅಪ್ಪನೂ ಅದನ್ನ ತರಿಸ್ಬೇಕು ಅಂತಿದ್ದಾರೆ. ಇನ್ನೊಂದು, ಅಕ್ವೇರಿಯಂ ಸ್ಟ್ರಿಪ್ ಅದ್ದಿ ನೋಡಿದೆ, ನೈಟ್ರೇಟ್ 10 ಅಂತ ತೋರಿಸ್ತು. ಮಕ್ಕಳು ಅಲ್ಲೇ ಆಡ್ತಾರೆ, ಭಯ ಇದ್ಯಾ?

ಉತ್ತರ: ಮೊದಲು ಸ್ಟ್ರಿಪ್ ವಿಷಯ ಮುಗಿಸಿಬಿಡೋಣ, ಯಾಕಂದ್ರೆ ಅದರಲ್ಲಿ ಎಲ್ರೂ ಬೀಳೋ ಒಂದು ಗುಂಡಿ ಇದೆ. ಡಬ್ಬಿ ಮೇಲೆ ಆ 10 ಅನ್ನೋದು ಪೂರ್ತಿ ನೈಟ್ರೇಟಿನ ತೂಕಾನಾ ಅಥವಾ ಅದರೊಳಗಿನ ನೈಟ್ರೋಜನ್ ಮಾತ್ರದ ತೂಕಾನಾ ಅಂತ ಓದಿ ನೋಡಿ. ಎರಡಕ್ಕೂ ನಾಲ್ಕೂವರೆ ಪಟ್ಟು ಹತ್ತಿರ ವ್ಯತ್ಯಾಸ ಬರತ್ತೆ. ಅಮೆರಿಕದಲ್ಲಿ ಕುಡಿಯೋ ನೀರಿಗೆ ಲೀಟರಿಗೆ 10 ಮಿಲಿಗ್ರಾಂ ಅಂತ ಮಿತಿ, ನಮ್ಮಲ್ಲಿ 45 ಅಂತ ಮಿತಿ, ನೋಡಿದವರು "ಇಂಡಿಯಾದಲ್ಲಿ ಎಷ್ಟು ಸಡಿಲ ನೋಡಿ" ಅಂತಾರೆ, ಆದ್ರೆ ಅವರದ್ದು ನೈಟ್ರೋಜನ್ ಲೆಕ್ಕ, ನಮ್ಮದು ನೈಟ್ರೇಟ್ ಲೆಕ್ಕ, ಎರಡೂ ಹೆಚ್ಚೂಕಮ್ಮಿ ಒಂದೇ. ಅಕ್ವೇರಿಯಂ ಸ್ಟ್ರಿಪ್ ಸಾಮಾನ್ಯವಾಗಿ ಪೂರ್ತಿ ನೈಟ್ರೇಟ್ ತೋರಿಸೋದು, ಹಾಗಿದ್ರೆ ನಿಮ್ಮ ಹಳ್ಳದಲ್ಲಿ ನೈಟ್ರೋಜನ್ 2ರ ಆಸುಪಾಸು ಇದೆ ಅಂತ, ಊರಂಚಿನ ಹಳ್ಳಕ್ಕೆ ಅದೇನು ಆಶ್ಚರ್ಯದ ನಂಬರ್ ಅಲ್ಲ. ನೈಟ್ರೇಟ್ ಭಯ ಇರೋದು ಕುಡಿದ್ರೆ, ಅದೂ ಮುಖ್ಯವಾಗಿ ಹಸುಗೂಸುಗಳಿಗೆ. ಕಾಲು ಅದ್ದಿ ಆಡೋದಕ್ಕೆ ಅದರಿಂದ ಏನೂ ಆಗಲ್ಲ. ಮಳೆ ಬಂದು ಒಂದೆರಡು ದಿನ ಮಾತ್ರ ಮಕ್ಕಳನ್ನ ಇಳಿಸ್ಬೇಡಿ, ಅದು ನೈಟ್ರೇಟಿಗಲ್ಲ, ಹಳೇ ಸೀವೇಜ್ ಪೈಪುಗಳು ಮಳೆಗೆ ಉಕ್ಕೋದ್ರಿಂದ.

ಈಗ ಅಸಲಿ ವಿಷಯ. ನಿಮ್ಮ ಬೇರೆ ಪ್ರಶ್ನೆಗಳೆಲ್ಲಾ ಒಂದೇ ಬುಡಕ್ಕೆ ಬರ್ತವೆ ಮಾರಾಯ್ರೇ. ಬ್ಯಾಕ್ಟೀರಿಯಾ ಎಲ್ಲಾ ಕಡೆ ಇವೆ, ಕೊಪ್ಪದ ಕಾಡಲ್ಲೂ ಇವೆ, ನಿಮ್ಮ ಬಾಲ್ಟಿಮೋರ್ ಹಳ್ಳದಲ್ಲೂ ಇವೆ, ಬೆಂಗಳೂರಿನ ರಾಜಕಾಲುವೇಲಂತೂ ಕೇಳೋದೇ ಬೇಡ. ಕಮ್ಮಿ ಆಗಿರೋದು ಅವಕ್ಕೆ ಕೆಲಸ ಮಾಡೋ ಜಾಗ ಮತ್ತು ಟೈಮು. ಇದನ್ನ ಬಿಡಿಸಿ ಹೇಳೋಕೆ ಗದ್ದೆಗೆ ಹೋಗ್ಬೇಕು. ನಾನು ಈ ಫೀಲ್ಡಿಗೆ ಬಂದಿದ್ದೇ ಗದ್ದೆ ಕೆಸರಿನಿಂದ, ಹೊಳೆ ಹಳ್ಳ ಆಮೇಲೆ.

ನಾಟಿ ಗದ್ದೇಲಿ ನಿಂತ ನೀರಿಗೆ ಯೂರಿಯಾ ಎರಚಿದ್ರೆ ಅರ್ಧಕ್ಕರ್ಧ ಗೊಬ್ಬರ ಎಲ್ಲಿ ಹೋಯ್ತು ಅಂತಾನೇ ಗೊತ್ತಾಗಲ್ಲ ಅಂತ ರೈತರು ಹೇಳ್ತಾರಲ್ಲ, ಅದು ಸುಮ್ನೆ ಮಾತಲ್ಲ. ಗದ್ದೆ ಕೆಸರನ್ನ ಉದ್ದಕ್ಕೆ ಕೊಯ್ದು ನೋಡಿದ್ರೆ ಮೇಲೆ ಕೆಲವೇ ಮಿಲಿಮೀಟರ್ ದಪ್ಪದ ಕಂದು ಪದರ, ಅದರ ಕೆಳಗೆಲ್ಲಾ ಬೂದು ಬಣ್ಣದ ವಾಸನೆ ಕೆಸರು. ಮೇಲಿನ ಪದರಕ್ಕೆ ಗಾಳಿ ಸಿಗತ್ತೆ, ಕೆಳಗೆ ಇಲ್ಲ. ಯೂರಿಯಾ ಮೊದಲು ಅಮೋನಿಯಾ ಆಗತ್ತೆ, ಮೇಲಿನ ಪದರದಲ್ಲಿ ಒಂದು ಗುಂಪಿನ ಬ್ಯಾಕ್ಟೀರಿಯಾ ಅದನ್ನ ಸುಟ್ಟು ನೈಟ್ರೇಟ್ ಮಾಡತ್ತೆ, ಅವಕ್ಕೆ ಆಮ್ಲಜನಕ ಬೇಕೇಬೇಕು. ಆ ನೈಟ್ರೇಟ್ ಹಾಗೇ ಕೆಳಗೆ ಇಳಿದಾಗ ಅಲ್ಲಿ ಇನ್ನೊಂದು ಗುಂಪು ಕಾಯ್ತಾ ಕೂತಿರತ್ತೆ. ಇವು ಆಮ್ಲಜನಕ ಇದ್ದಾಗ ನಮ್ಮ ಹಾಗೇ ಅದನ್ನೇ ಉಸಿರಾಡ್ತವೆ, ಇಲ್ಲದಾಗ ನೈಟ್ರೇಟನ್ನೇ ಉಸಿರಾಡ್ತವೆ. ನೈಟ್ರೇಟ್ ನೈಟ್ರೈಟ್ ಆಗಿ, ಅದು ನೈಟ್ರಿಕ್ ಆಕ್ಸೈಡ್ ಆಗಿ, ಅದು ನೈಟ್ರಸ್ ಆಕ್ಸೈಡ್ ಆಗಿ, ಕೊನೆಗೆ ಬರೀ ಸಾರಜನಕದ, ಅಂದ್ರೆ ನೈಟ್ರೋಜನ್ನಿನ, ಅನಿಲವಾಗಿ ಗುಳ್ಳೆ ಎದ್ದು ಗಾಳಿಗೆ ಹೋಗತ್ತೆ, ಗಾಳಿಯಲ್ಲಿ ಹೇಗೂ ನೂರಕ್ಕೆ 78 ಭಾಗ ಅದೇ ಇರೋದು. ಇದನ್ನ ಡಿನೈಟ್ರಿಫಿಕೇಶನ್ ಅಂತಾರೆ. ರೈತನಿಗೆ ಇದು ಜೇಬಿಗೆ ಕತ್ತರಿ, ಅದಕ್ಕೇ ಗೊಬ್ಬರಾನ ಕೆಸರಿನ ಒಳಗೆ ಸೇರಿಸಿ ಅಂತ ಕೃಷಿ ಇಲಾಖೆಯವರು ಬಡ್ಕೊಳೋದು, ಒಳಗಿದ್ರೆ ಅಮೋನಿಯಾ ಅಮೋನಿಯಾ ಆಗೇ ಉಳಿಯತ್ತೆ. ಹಳ್ಳಕ್ಕೆ ಮಾತ್ರ ಇದೇ ನಷ್ಟ ಲಾಭ. ನೀರಿಂದ ನೈಟ್ರೋಜನ್ ಪೂರ್ತಿ ಹೊರಗೆ ಹಾಕೋ ಮುಖ್ಯ ದಾರಿ ಇದು, ಬೇರೆಯವೆಲ್ಲಾ ಹೆಚ್ಚಾಗಿ ಬರೀ ಕೈಸಾಲ, ಇವತ್ತು ನೀರಿಂದ ತಗೊಂಡು ನಾಳೆ ನೀರಿಗೇ ವಾಪಸ್.

ಹಾಗಾಗಿ ಹಳ್ಳದಲ್ಲಿ ಈ ಕೆಲಸ ಆಗ್ಬೇಕಾದ್ರೆ ನೈಟ್ರೇಟ್ ಇರ್ಬೇಕು, ಗಾಳಿ ಇಲ್ಲದ ಮೂಲೆ ಇರ್ಬೇಕು, ತಿನ್ನೋಕೆ ಇಂಗಾಲ ಅಂದ್ರೆ ಕೊಳೆಯೋ ಎಲೆ ಕಡ್ಡಿ ಇರ್ಬೇಕು, ಮತ್ತೆ ನೀರು ಆ ಮೂಲೆಗೆ ಹೋಗಿ ಸ್ವಲ್ಪ ಹೊತ್ತು ನಿಲ್ಬೇಕು. ಕೊನೇದನ್ನ ಎಲ್ರೂ ಮರೀತಾರೆ. ಬೇಸಿಗೇಲಿ ಹೊಳೆ ಬತ್ತಿದಾಗ ಮರಳು ತೋಡಿದ್ರೆ ಒರತೆ ಬರತ್ತಲ್ಲ, ನೀರು ಮೇಲೆ ಕಾಣೋ ಹಾಗೆ ಮಾತ್ರ ಹರಿಯಲ್ಲ, ತಳದ ಮರಳು ಜಲ್ಲಿಯ ಒಳಗೂ ನಿಧಾನಕ್ಕೆ ಹೋಗ್ತಿರತ್ತೆ, ಹೋಗಿ ಮತ್ತೆ ಮೇಲೆ ಬರತ್ತೆ. ಹೆಚ್ಚು ಕೆಲಸ ನಡೆಯೋದು ಅಲ್ಲಿ, ಮತ್ತೆ ಕಲ್ಲು ಮುಟ್ಟಿದ್ರೆ ಜಾರತ್ತಲ್ಲ ಆ ಲೋಳೆ ಪದರದಲ್ಲಿ, ಮತ್ತೆ ದಂಡೆಯ ಒದ್ದೆ ಮಣ್ಣಲ್ಲಿ. ನಡುನೀರಲ್ಲಿ ತೇಲ್ತಾ ಹೋಗೋ ನೈಟ್ರೇಟಿಗೆ ಯಾರೂ ಏನೂ ಮಾಡಲ್ಲ.

ಈಗ ನಿಮ್ಮೂರ ಕಾಡಿನ ಹಳ್ಳ. ಅಲ್ಲಿ ನೀರು ಚೆನ್ನಾಗಿರೋದಕ್ಕೆ ಮೊದಲ ಕಾರಣ ಹಳ್ಳದ ಒಳಗೇ ಇಲ್ಲ, ಗುಡ್ಡದಲ್ಲಿದೆ. ಮರದ ಬೇರು, ಮಣ್ಣಿನ ಶಿಲೀಂಧ್ರ ಎಲ್ಲಾ ಸೇರಿ ನೈಟ್ರೋಜನ್ ಹಳ್ಳಕ್ಕೆ ಇಳಿಯೋಕೇ ಬಿಡಲ್ಲ. ಇದನ್ನ ಯಾವ ಅನುಮಾನಾನೂ ಇಲ್ಲದ ಹಾಗೆ ತೋರಿಸಿದ್ದು ಅಮೆರಿಕದ ನ್ಯೂ ಹ್ಯಾಂಪ್‌ಶೈರಿನ ಹಬಾರ್ಡ್ ಬ್ರೂಕ್ ಕಾಡಿನಲ್ಲಿ. 1965ರ ಕೊನೇಲಿ ಅಲ್ಲಿ ಒಂದು ಕಣಿವೆಯ ಮರ ಅಷ್ಟನ್ನೂ ಕಡಿದು, ದಿಮ್ಮೀನೂ ಹೊರಗೆ ಸಾಗಿಸದೆ ಅಲ್ಲೇ ಬಿಟ್ಟು, ಮೂರು ಬೇಸಿಗೆ ಕಳೆನಾಶಕ ಹೊಡೆದು ಏನೂ ಚಿಗುರದ ಹಾಗೆ ನೋಡ್ಕೊಂಡ್ರು. ಆ ಕಣಿವೆಯ ತೊರೆಯಲ್ಲಿ ನೈಟ್ರೇಟ್ 40 ಪಟ್ಟಿಗೂ ಮೇಲೆ ಏರ್ತು. ಗೊಬ್ಬರ ಯಾರೂ ಹಾಕಿರ್ಲಿಲ್ಲ, ಸೀವೇಜ್ ಇರ್ಲಿಲ್ಲ, ಮಣ್ಣಲ್ಲಿದ್ದದ್ದೇ ಸೋರಿ ಬಂತು, ಹಿಡ್ಕೊಳ್ಳೋರು ಇರ್ಲಿಲ್ಲ ಅಷ್ಟೇ.

ಎರಡನೇ ಕಾರಣ ದರಗು. ನಿಮ್ಮಲ್ಲಿ ಕೊಟ್ಟಿಗೆಗೆ ಗುಡಿಸಿ ತರೋ ದರಗೇ. ಒಣಗಿದ ಎಲೇಲಿ ಇಂಗಾಲ ಜಾಸ್ತಿ, ನೈಟ್ರೋಜನ್ ತೀರಾ ಕಮ್ಮಿ, ಮರ ಎಲೆ ಉದುರಿಸೋ ಮುಂಚೆ ಇರೋದನ್ನೆಲ್ಲಾ ವಾಪಸ್ ಎಳ್ಕೊಂಡಿರತ್ತೆ. ನೀರಿಗೆ ಬಿದ್ದ ಎಲೇನ ತಿನ್ನೋಕೆ ಬರೋ ಶಿಲೀಂಧ್ರ, ಬ್ಯಾಕ್ಟೀರಿಯಾಗಳಿಗೆ ಮೈ ಬೆಳೆಸೋಕೆ ನೈಟ್ರೋಜನ್ ಬೇಕು, ಎಲೇಲಿ ಸಾಕಾಗಲ್ಲ, ಅದಕ್ಕೆ ಹರಿಯೋ ನೀರಿಂದ ಎಳ್ಕೋತವೆ. ಈ ನೀರೆಲೆ ಶಿಲೀಂಧ್ರಗಳು ಬಹಳ ಚೆಂದದ ಜೀವಿಗಳು, ಇಂಗ್ಲೆಂಡಿನ ಇಂಗೋಲ್ಡ್ ಅನ್ನೋ ಸಸ್ಯಶಾಸ್ತ್ರಜ್ಞರು 1942ರಲ್ಲಿ ಇವುಗಳ ಬಗ್ಗೆ ಬರೆದ ಮೇಲೆ ಲೋಕಕ್ಕೆ ಗೊತ್ತಾಗಿದ್ದು, ನಮ್ಮ ಪಶ್ಚಿಮ ಘಟ್ಟದ ಹಳ್ಳಗಳಲ್ಲಿ ಇವನ್ನ ಹುಡುಕಿ ಪಟ್ಟಿ ಮಾಡಿದ್ದರಲ್ಲಿ ಮಂಗಳೂರು ವಿಶ್ವವಿದ್ಯಾಲಯದ ಕೆ.ಆರ್. ಶ್ರೀಧರ್ ಅವರದ್ದು ದೊಡ್ಡ ಪಾಲು. ಬಹಳಷ್ಟು ಜಾತಿಗಳ ಬೀಜಕಣಕ್ಕೆ ನಾಲ್ಕು ಕೈ ಇರತ್ತೆ, ಹರಿಯೋ ನೀರಲ್ಲಿ ಎಲೆಗೆ ಸಿಕ್ಕಿ ಹಾಕ್ಕೊಳ್ಳೋಕೆ. ಮಳೆಗಾಲ ಕಳೆದ ಮೇಲೆ ಕಾಡಿನ ಹಳ್ಳದ ಕಲ್ಲುಸಂದೀಲಿ ಬಿಳೀ ನೊರೆ ಕಟ್ಟಿರತ್ತೆ ನೋಡಿದ್ದೀರಲ್ಲ, ಒಂದು ಹನಿ ನೊರೆ ತಂದು ಮೈಕ್ರೋಸ್ಕೋಪ್ ಕೆಳಗಿಟ್ರೆ ನಕ್ಷತ್ರದ ಹಾಗೆ ಆ ಬೀಜಕಣಗಳು ತುಂಬ್ಕೊಂಡಿರ್ತವೆ. ಬೆಳ್ಳಂದೂರಿನ ನೊರೆ ಬೇರೆ ಜಾತೀದು, ಅದು ಸೋಪಿಂದು, ಎರಡನ್ನೂ ಸೇರಿಸ್ಬೇಡಿ.

ಎಲೆ ಕಡ್ಡಿ ಕೊಂಬೆ ಎಲ್ಲಾ ಒಂದು ಕಡೆ ಸಿಕ್ಕಿಕೊಂಡು ಸಣ್ಣ ಕಟ್ಟದ ಹಾಗೆ ಆಗತ್ತಲ್ಲ, ಅದು ಈ ಬ್ಯಾಕ್ಟೀರಿಯಾಗಳ ಪಾಲಿಗೆ ಊಟದ ಮನೆ. ನೀರು ತಡೆದು ನಿಲ್ಲತ್ತೆ, ಒಳಗೆ ಆಮ್ಲಜನಕ ಖಾಲಿ ಆಗತ್ತೆ, ಇಂಗಾಲ ಬೇಕಾದಷ್ಟು. ಊರಿನ ಹಳ್ಳದಲ್ಲಿ ಇದು ಉಳಿಯಲ್ಲ, ಒಂದು ಜೋರು ಮಳೆಗೆ ಕಿತ್ಕೊಂಡು ಹೋಗತ್ತೆ, ಉಳಿದ್ರೆ ಕಾರ್ಪೊರೇಷನ್ನಿನವರು ಬಂದು ಕ್ಲೀನ್ ಮಾಡ್ತಾರೆ.

ಇಲ್ಲಿಗೆ ಬಂದ್ರೆ ಎಲ್ರಿಗೂ ಅನಿಸೋದು, ಹಾಗಿದ್ರೆ ಕಾಡಿನ ಹಳ್ಳದ ಬ್ಯಾಕ್ಟೀರಿಯಾನೇ ಜಾಸ್ತಿ ನೈಟ್ರೋಜನ್ ತೆಗೆಯತ್ತೆ ಅಂತ. ಇಲ್ಲ. ಇದನ್ನ ಅಳೆಯೋಕೆ ಅಮೆರಿಕದಲ್ಲಿ ಒಂದು ದೊಡ್ಡ ಪ್ರಯೋಗ ಮಾಡಿದ್ರು, ಎಂಟು ಪ್ರದೇಶಗಳಲ್ಲಿ 72 ತೊರೆ, ಕೆಲವು ಕಾಡು ಹುಲ್ಲುಗಾವಲಿನವು, ಕೆಲವು ಹೊಲಗಳ ನಡುವಿನವು, ಕೆಲವು ಊರೊಳಗಿನವು. ಮಾಮೂಲಿ ನೈಟ್ರೋಜನ್ನಿನ ತೂಕ 14, ಅದಕ್ಕಿಂತ ಒಂದು ಜಾಸ್ತಿ ತೂಕದ 15ರ ನೈಟ್ರೇಟನ್ನ ನೀರಿಗೆ ಚೂರೇ ಚೂರು ಬಿಟ್ಟು, ಅದು ಕೆಳಗೆ ಎಷ್ಟು ದೂರ ಹೋಗತ್ತೆ, ಎಷ್ಟು ಗ್ಯಾಸ್ ಆಗತ್ತೆ, ಎಷ್ಟು ಪಾಚಿ ಎಲೆ ಸೇರತ್ತೆ ಅಂತ ಹಿಂಬಾಲಿಸಿದ್ರು. ಕಳ್ಳನ ಜೇಬಿಗೆ ಗುರುತಿನ ನೋಟು ಹಾಕಿ ಬಿಟ್ಟ ಹಾಗೆ. ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯದ ಪ್ಯಾಟ್ರಿಕ್ ಮುಲ್‌ಹಾಲೆಂಡ್ ಮುಂದಾಳತ್ವ, 2008ರಲ್ಲಿ ಫಲಿತಾಂಶ ಬಂತು. ನೈಟ್ರೇಟ್ ಜಾಸ್ತಿ ಇರೋ ಹಳ್ಳದಲ್ಲಿ ಬ್ಯಾಕ್ಟೀರಿಯಾ ಜಾಸ್ತಿನೇ ತೆಗೆಯುತ್ತವೆ, ಅಂದ್ರೆ ಊರಿನ ಹಳ್ಳದ ಬ್ಯಾಕ್ಟೀರಿಯಾ ಸೋಮಾರಿ ಅಲ್ಲ, ಒಟ್ಟು ಗ್ರಾಂ ಲೆಕ್ಕದಲ್ಲಿ ಕಾಡಿನದಕ್ಕಿಂತ ಮುಂದೆ ಇರಬಹುದು. ಆದ್ರೆ ಬರೋ ನೈಟ್ರೇಟ್ ಹತ್ತು ಪಟ್ಟು ಏರಿದ್ರೆ ತೆಗೆಯೋದು ಹತ್ತು ಪಟ್ಟು ಏರಲ್ಲ, ಹಾಗಾಗಿ ಶೇಕಡಾವಾರು ಬಿದ್ದು ಹೋಗತ್ತೆ, ಮಿಕ್ಕಿದ್ದು ಕೆಳಗೆ ಹರಿಯತ್ತೆ. ಮದುವೆ ಮನೇಲಿ ಬಡಿಸೋರು ಹತ್ತೇ ಜನ, ಪಂಕ್ತಿಗೆ ಸಾವಿರ ಜನ ಕೂತ ಹಾಗೆ, ಬಡಿಸೋರು ಓಡಾಡ್ತಾನೇ ಇದ್ದಾರೆ, ಆದ್ರೂ ಎಲೆ ಖಾಲಿ.

ಅದೇ ಪ್ರಯೋಗದಲ್ಲಿ ಇನ್ನೊಂದು ಅಂಕಿ ಇದೆ, ರೆಸ್ಟೋರೇಷನ್ ಮಾರೋರು ಇದನ್ನ ಜೋರಾಗಿ ಹೇಳಲ್ಲ. ನೀರಿಂದ ಮಾಯ ಆದ ನೈಟ್ರೇಟಿನಲ್ಲಿ ನಿಜವಾಗಿ ಗ್ಯಾಸ್ ಆಗಿ ಹೋಗಿದ್ದು, ತೊರೆಗಳನ್ನ ಕಮ್ಮಿಯಿಂದ ಜಾಸ್ತಿಗೆ ಸಾಲಾಗಿ ಇಟ್ರೆ ನಟ್ಟನಡುವೆ ಬರೋ ತೊರೆಯಲ್ಲಿ, 16 ಪರ್ಸೆಂಟ್ ಅಷ್ಟೇ. ಕಾಲು ಭಾಗ ತೊರೆಗಳಲ್ಲಿ 43ಕ್ಕಿಂತ ಮೇಲಿತ್ತು ನಿಜ. ಉಳಿದಿದ್ದೆಲ್ಲಾ ಪಾಚಿ, ಶಿಲೀಂಧ್ರ, ಬ್ಯಾಕ್ಟೀರಿಯಾಗಳ ಮೈಗೆ ಸೇರಿದ್ದು, ಅವು ಸತ್ತು ಕೊಳೆತ್ರೆ ಮತ್ತೆ ನೀರಿಗೇ ಬರತ್ತೆ. ನಾನು ಮೇಲೆ ಕೈಸಾಲ ಅಂದಿದ್ದು ಇದಕ್ಕೇ.

ಅಳತೆ ಬಗ್ಗೆ ಒಂದು ಸಣ್ಣ ಮಾತು, ನಂಗೆ ಇದು ಇಷ್ಟದ ವಿಷಯ. ಗಾಳಿಯಲ್ಲಿ 78 ಭಾಗ ಸಾರಜನಕಾನೇ ಇರೋವಾಗ ಕೆಸರಿಂದ ಬಂದ ಚೂರು ಸಾರಜನಕಾನ ಹೇಗೆ ಗುರುತಿಸ್ತೀರಿ? ಸಮುದ್ರಕ್ಕೆ ಒಂದು ಚೊಂಬು ನೀರು ಹಾಕಿ ಎಷ್ಟು ಏರ್ತು ಅಂತ ಕೇಳಿದ ಹಾಗೆ. ಅದಕ್ಕೆ ಹಳೇ ಉಪಾಯ ಅಸಿಟಿಲೀನ್, ವೆಲ್ಡಿಂಗ್ ಅಂಗಡೀದೇ, ಮಾವಿನಕಾಯಿಗೆ ಕಾರ್ಬೈಡ್ ಇಟ್ಟು ಹಣ್ಣು ಮಾಡ್ತಾರಲ್ಲ ಆಗ ಬರೋ ಗ್ಯಾಸೂ ಅದೇ. ಕೆಸರಿನ ಬಾಟ್ಲಿಗೆ ಅದನ್ನ ತುಂಬಿದ್ರೆ ಬ್ಯಾಕ್ಟೀರಿಯಾ ಕೊನೇ ಮೆಟ್ಟಿಲು ಹತ್ತೋಕಾಗದೆ ನೈಟ್ರಸ್ ಆಕ್ಸೈಡಿಗೇ ನಿಂತುಬಿಡತ್ತೆ, ಅದು ಗಾಳಿಯಲ್ಲಿ ತೀರಾ ಕಮ್ಮಿ ಇರೋದ್ರಿಂದ ಸಲೀಸಾಗಿ ಅಳೆಯಬಹುದು. ತೊಂದರೆ ಏನಂದ್ರೆ ಅಸಿಟಿಲೀನ್ ಮೊದಲ ಗುಂಪಿನ ಕೆಲಸಾನೂ ನಿಲ್ಲಿಸಿಬಿಡತ್ತೆ, ಅಮೋನಿಯಾದಿಂದ ಹೊಸ ನೈಟ್ರೇಟ್ ಹುಟ್ಟಲ್ಲ, ಹಾಗಾಗಿ ಲೆಕ್ಕ ಕಮ್ಮಿ ಬರಬಹುದು. ಇನ್ನು ಬಾಟ್ಲಿಗೆ ಸಕ್ಕರೆ, ನೈಟ್ರೇಟ್ ಎಲ್ಲಾ ಧಾರಾಳವಾಗಿ ಹಾಕಿ ಅಳೆದ್ರೆ ಅದು ಬ್ಯಾಕ್ಟೀರಿಯಾದ ತಾಕತ್ತು, ಹಳ್ಳದಲ್ಲಿ ನಿಜವಾಗಿ ನಡೆಯೋ ಕೆಲಸ ಅಲ್ಲ. ಬ್ರೋಷರಿನಲ್ಲಿ ಎಷ್ಟೋ ಸಲ ತಾಕತ್ತಿನ ಅಂಕಿ ಹಾಕಿ ಕೆಲಸದ ಅಂಕಿ ಅನ್ನೋ ಹಾಗೆ ತೋರಿಸ್ತಾರೆ, ಹುಷಾರು.

ನೀವಿರೋ ಬಾಲ್ಟಿಮೋರ್ ಇದ್ಯಲ್ಲ, ಊರಿನ ಹಳ್ಳಗಳ ವಿಷಯಕ್ಕೆ ಅದು ಲೋಕಕ್ಕೇ ಪಾಠಶಾಲೆ. 1997ರಲ್ಲಿ ಅಲ್ಲಿ ಬಾಲ್ಟಿಮೋರ್ ಇಕೋಸಿಸ್ಟಮ್ ಸ್ಟಡಿ ಅಂತ ಶುರು ಮಾಡಿ, ಗ್ವಿನ್ಸ್ ಫಾಲ್ಸ್ ಅನ್ನೋ ಹೊಳೆಯ ಉದ್ದಕ್ಕೂ, ಜೊತೆಗೆ ಪೂರ್ತಿ ಕಾಡಿನ ಪಾಂಡ್ ಬ್ರಾಂಚ್ ಅನ್ನೋ ಪುಟ್ಟ ತೊರೆಯಲ್ಲೂ, ವಾರವಾರ ನೀರು ಹಿಡಿದು ಟೆಸ್ಟ್ ಮಾಡ್ತಾ ಬಂದ್ರು. ಪೀಟರ್ ಗ್ರಾಫ್‌ಮನ್, ಸುಜಯ್ ಕೌಶಲ್ ಇವರೆಲ್ಲಾ ಅಲ್ಲಿ ಕೆಲಸ ಮಾಡಿದವರು. ಕಾಡಿನ ತೊರೆಯಿಂದ ವರ್ಷಕ್ಕೆ ಹೆಕ್ಟೇರಿಗೆ ಒಂದು ಕಿಲೋಗಿಂತ ಕಮ್ಮಿ ನೈಟ್ರೋಜನ್ ಹೊರಗೆ ಹೋಗ್ತಿತ್ತು, ಊರು ಬಡಾವಣೆಗಳಿಂದ ಸುಮಾರು ಮೂರರಿಂದ ಎಂಟು ಕಿಲೋ, ಹೊಲದಿಂದ ಇನ್ನೂ ಜಾಸ್ತಿ. ಇದು ಎಲ್ರೂ ಊಹೆ ಮಾಡಿದ್ದೇ. ಊಹೆ ಮಾಡದೇ ಇದ್ದದ್ದು ಏನಂದ್ರೆ, ಲಾನ್ ಗೊಬ್ಬರ, ಮಳೆ ಜೊತೆ ಬೀಳೋದು ಎಲ್ಲಾ ಸೇರಿ ಬಡಾವಣೆಗೆ ಬರೋ ನೈಟ್ರೋಜನ್ನಿನಲ್ಲಿ ಮುಕ್ಕಾಲು ಭಾಗ ಅಲ್ಲೇ ಉಳೀತಿತ್ತು, ಹಳ್ಳಕ್ಕೆ ಬರ್ತಾನೇ ಇರ್ಲಿಲ್ಲ. ಬೈಕೊಳ್ಳೋ ಆ ಲಾನುಗಳೇ ಒಳ್ಳೇ ಪಾಲು ಹಿಡ್ಕೊಳ್ತವೆ. ಕಾಡಿನಲ್ಲಿ 95 ಭಾಗ ಉಳಿಯತ್ತೆ ಅನ್ನಿ.

ಅಲ್ಲಿ ಸಿಕ್ಕ ಇನ್ನೊಂದು ವಿಷಯ ನಿಮ್ಮ ಮನೆ ಹಿಂದಿನ ಜೆಸಿಬಿಗೆ ನೇರ ಸಂಬಂಧ ಇರೋದು. ಹೊಲದ ಸೀಮೆಯಲ್ಲಿ ಹೊಳೆದಂಡೆಯ ಮರಗಳ ಪಟ್ಟಿ ನೈಟ್ರೇಟ್ ತಡೆಯತ್ತೆ ಅಂತ ಆಗಲೇ ಗೊತ್ತಿತ್ತು, ಯಾಕಂದ್ರೆ ದಂಡೆ ಮಣ್ಣು ಸದಾ ಒದ್ದೆ, ಗಾಳಿ ಇಲ್ಲ, ಬೇರು ಎಲೆಯಿಂದ ಇಂಗಾಲ, ಗದ್ದೆಯದ್ದೇ ಕಥೆ. ಅದನ್ನೇ ನಂಬ್ಕೊಂಡು ಊರಲ್ಲೂ ದಂಡೆ ಮೇಲೆ ಗಿಡ ನೆಡಿ ಅಂತ ಹೇಳ್ತಿದ್ರು. ಬಾಲ್ಟಿಮೋರಲ್ಲಿ ದಂಡೆ ಮಣ್ಣು ಅಗೆದು ನೋಡಿದ್ರೆ ಒಣಕಲು! ಯಾಕೆ? ಮನೆ ಮಾಡು, ರೋಡು, ಪಾರ್ಕಿಂಗ್ ಮೇಲೆ ಬಿದ್ದ ಮಳೆ ಎಲ್ಲಾ ಪೈಪಲ್ಲಿ ಒಂದೇ ಸಲ ಹಳ್ಳಕ್ಕೆ ನುಗ್ಗಿ ತಳಾನ ಕೊರೆದು ಕೊರೆದು ಹಳ್ಳ ಆಳಕ್ಕೆ ಇಳಿದುಬಿಟ್ಟಿದೆ, ಇನ್ನೊಂದು ಕಡೆ ಆ ಮಳೆ ನೆಲಕ್ಕೆ ಇಂಗೋಕೇ ಇಲ್ಲ, ಹಾಗಾಗಿ ಅಂತರ್ಜಲದ ಮಟ್ಟ ದಂಡೆಯ ಬೇರಿಗಿಂತ ತುಂಬಾ ಕೆಳಗೆ ಹೋಗಿದೆ. ನೀರಿನ ಪಕ್ಕದಲ್ಲೇ ಬರಗಾಲ. ಒಣಗಿದ ಮಣ್ಣಿಗೆ ಗಾಳಿ ಸೇರಿದ ಮೇಲೆ ಎರಡನೇ ಗುಂಪಿಗೆ ಕೆಲಸ ಇಲ್ಲ, ಮೊದಲ ಗುಂಪಿಗೆ ಹಬ್ಬ, ಅಂದ್ರೆ ನೈಟ್ರೇಟ್ ತೆಗೀಬೇಕಾಗಿದ್ದ ದಂಡೆನೇ ನೈಟ್ರೇಟ್ ತಯಾರಿಸೋ ಜಾಗ ಆಯ್ತು. ಅದೇ ಬ್ಯಾಕ್ಟೀರಿಯಾ, ಅದೇ ಮಣ್ಣು, ನೀರಿನ ಮಟ್ಟ ಒಂದು ಬದಲಾಗಿದ್ದಕ್ಕೆ ಕೆಲಸ ತಿರುಗುಮುರುಗು.

ಹಾಗಾಗಿ ರೆಸ್ಟೋರೇಷನ್ ಹಿಂದಿರೋ ಐಡಿಯಾ ದಂಧೆ ಅಲ್ಲ. ಕೊರೆದು ಆಳ ಆದ ಹಳ್ಳದ ತಳಾನ ಕಲ್ಲು ದಿಮ್ಮಿ ಹಾಕಿ ಮೇಲಕ್ಕೆ ಎತ್ತಿ, ದಂಡೆಯನ್ನ ತಗ್ಗಿಸಿ, ಮಳೆ ಬಂದಾಗ ನೀರು ಪಕ್ಕಕ್ಕೆ ಹರಡೋ ಹಾಗೆ, ಬಿಸಿಲಲ್ಲಿ ದಂಡೆ ಒದ್ದೆ ಇರೋ ಹಾಗೆ ಮಾಡೋದು. ಬಾಲ್ಟಿಮೋರ್ ಹತ್ರಾನೇ ಮೈನ್‌ಬ್ಯಾಂಕ್ ರನ್ ಅಂತ ಒಂದು ಹಳ್ಳದಲ್ಲಿ ಹೀಗೆ ಮಾಡಿದ ಭಾಗ, ಮಾಡದ ಭಾಗ ಎರಡನ್ನೂ ಕೌಶಲ್ ಅವರ ತಂಡ ಅಳೆದು 2008ರಲ್ಲಿ ಪ್ರಕಟಿಸ್ತು. ಒಂದು ಕಿಲೋ ಮಣ್ಣು ದಿನಕ್ಕೆ ಗ್ಯಾಸ್ ಮಾಡೋ ನೈಟ್ರೋಜನ್ ಮಾಡಿದ ಭಾಗದಲ್ಲಿ ಸರಾಸರಿ 77 ಮೈಕ್ರೋಗ್ರಾಂ, ಮಾಡದ ಭಾಗದಲ್ಲಿ 35. ಇಮ್ಮಡಿಗಿಂತ ಜಾಸ್ತಿ. ಆದ್ರೆ ರೆಸ್ಟೋರ್ ಆದ ಭಾಗದಲ್ಲೇ ದಂಡೆ ತಗ್ಗಾಗಿ ನೀರಿಗೆ ತಾಗಿಕೊಂಡಿದ್ದ ಕಡೆ ಚೆನ್ನಾಗಿ ಆಯ್ತು, ದಂಡೆ ಎತ್ತರಕ್ಕೇ ಉಳಿದಿದ್ದ ಕಡೆ ಅಷ್ಟಾಗಿ ಆಗ್ಲಿಲ್ಲ. ಅಂದ್ರೆ ಕಲ್ಲು ಇಟ್ಟಿದ್ದಕ್ಕೆ ಫಲ ಅಲ್ಲ, ದಂಡೆಗೂ ನೀರಿಗೂ ಮತ್ತೆ ಮಾತುಕತೆ ಶುರು ಆಗಿದ್ದಕ್ಕೆ ಫಲ.

ಈಗ ನಿಮ್ಮ ಸಿಟ್ಟಿನ ಭಾಗ, ಮರ. ಅದರಲ್ಲಿ ನಂಗೂ ಪಾಲಿದೆ. ದೊಡ್ಡ ಮರ ಕಡಿದ್ರೆ ನೆರಳು ಹೋಯ್ತು, ವರ್ಷವರ್ಷ ಬೀಳೋ ದರಗು ಹೋಯ್ತು, ದರಗೇ ತಾನೇ ಬ್ಯಾಕ್ಟೀರಿಯಾಗೆ ಊಟ. ಬಿಸಿಲು ಬಿದ್ದು ಪಾಚಿ ಬೆಳೆದು ಅದೂ ಒಂದಷ್ಟು ನೈಟ್ರೇಟ್ ಎಳೆಯತ್ತೆ, ಆದ್ರೆ ಅದು ಕೈಸಾಲದ ಲೆಕ್ಕ. ಹಳ್ಳದ ಸುತ್ತ ಇನ್ನೂ ಕಾಡು ಚೆನ್ನಾಗಿದ್ರೆ, ದಂಡೆ ಆಳಕ್ಕೆ ಕೊರೆದಿಲ್ಲದೇ ಇದ್ರೆ, ಅಲ್ಲಿ ಜೆಸಿಬಿ ಇಳಿಸೋದು ನನ್ನ ಪ್ರಕಾರ ತಪ್ಪು, ಮೇಲಿನ ಬಡಾವಣೆಯ ಮಳೆನೀರನ್ನ ಅಲ್ಲಲ್ಲೇ ಇಂಗಿಸೋಕೆ ಆ ದುಡ್ಡು ಹಾಕ್ಬೇಕು. ಆದ್ರೆ ಅದು ಕಷ್ಟದ ಕೆಲಸ, ನೂರು ಮನೆಯವರನ್ನ ಒಪ್ಪಿಸ್ಬೇಕು, ಹಳ್ಳ ಆದ್ರೆ ಒಂದೇ ಜಾಗ, ಒಂದೇ ಟೆಂಡರು. ನಿಮ್ಮ ಕಡೆಯ ಹಳ್ಳಗಳೆಲ್ಲಾ ಕೊನೆಗೆ ಸೇರೋದು ಚೆಸಪೀಕ್ ಕೊಲ್ಲಿಗೆ. ಅದಕ್ಕೆ ನೀರು ಬರೋ ಪ್ರದೇಶ ಸುಮಾರು 1.66 ಲಕ್ಷ ಚದರ ಕಿಲೋಮೀಟರ್, ಕರ್ನಾಟಕಕ್ಕಿಂತ ಸ್ವಲ್ಪ ಚಿಕ್ಕದು, ಆರು ರಾಜ್ಯ ಮತ್ತೆ ರಾಜಧಾನಿ ವಾಷಿಂಗ್ಟನ್ ಸೇರಿ. ಅಷ್ಟು ಕಡೆಯ ನೈಟ್ರೋಜನ್ ಹೋಗಿ ಕೊಲ್ಲೀಲಿ ಪಾಚಿ ಬೆಳೆದು, ಕೊಳೆತು, ಬೇಸಿಗೇಲಿ ಆಮ್ಲಜನಕ ಇಲ್ಲದೆ ಏಡಿ ಮೀನು ಸಾಯೋದ್ರಿಂದ 2010ರಲ್ಲಿ ಅಮೆರಿಕದ ಪರಿಸರ ಸಂಸ್ಥೆ ಇಷ್ಟಕ್ಕಿಂತ ಜಾಸ್ತಿ ಬಿಡಬೇಡಿ ಅಂತ ಎಲ್ಲಾ ರಾಜ್ಯಗಳಿಗೂ ಮಿತಿ ಹಾಕ್ತು. ರೆಸ್ಟೋರ್ ಮಾಡಿದ ಹಳ್ಳಕ್ಕೆ ನೈಟ್ರೋಜನ್ ಕ್ರೆಡಿಟ್ ಸಿಗತ್ತೆ, ಅಂದ್ರೆ ಆ ಮಿತಿ ಮುಟ್ಟೋ ಲೆಕ್ಕಕ್ಕೆ ಜಮಾ ಆಗತ್ತೆ, ಅದಕ್ಕೇ ಈ ಭರಾಟೆ. 2005ರಲ್ಲಿ ಎಮಿಲಿ ಬರ್ನ್‌ಹಾರ್ಟ್ ಮತ್ತು ಜೊತೆಗಾರರು ಅಮೆರಿಕದ 37 ಸಾವಿರಕ್ಕೂ ಹೆಚ್ಚು ಇಂಥ ಪ್ರಾಜೆಕ್ಟುಗಳ ದಾಖಲೆ ತೆಗೆದು ನೋಡಿದ್ರು, ಆಮೇಲೆ ಏನಾಯ್ತು ಅಂತ ಅಳೆದಿದ್ದರ ಗುರುತು ಇದ್ದದ್ದು ಹತ್ತರಲ್ಲಿ ಒಂದಕ್ಕೆ.

ಇನ್ನೊಂದು ಮಿತಿ ಮಳೆ. ಊರಿನ ಹಳ್ಳದಲ್ಲಿ ನೈಟ್ರೋಜನ್ನಿನ ದೊಡ್ಡ ಪಾಲು ಜೋರು ಮಳೆಯ ಕೆಲವೇ ಗಂಟೆಗಳಲ್ಲಿ ಸಾಗಿ ಹೋಗತ್ತೆ, ಆ ರಭಸದಲ್ಲಿ ಯಾವ ಬ್ಯಾಕ್ಟೀರಿಯಾನೂ ಏನೂ ಮಾಡೋಕಾಗಲ್ಲ. ನೀರು ಹರಡಿ ನಿಲ್ಲೋಕೆ ಜಾಗ ಇದ್ರೆ ಮಾತ್ರ ಸ್ವಲ್ಪ ಆಸೆ. ಇದಕ್ಕೆ ಪೂರ್ತಿ ಉಲ್ಟಾ ಅಂದ್ರೆ ಹಳ್ಳಾನ ಪೈಪು, ಕಾಂಕ್ರೀಟ್ ಬಾಕ್ಸಲ್ಲಿ ಮುಚ್ಚಿಬಿಡೋದು. ಬಾಲ್ಟಿಮೋರಲ್ಲಿ ಜೋನ್ಸ್ ಫಾಲ್ಸ್ ಅನ್ನೋ ಹೊಳೆ ಡೌನ್‌ಟೌನ್ ಕೆಳಗೆ ಸುರಂಗದಲ್ಲಿ ಹೋಗತ್ತೆ. ಬೆಳಕಿಲ್ಲ, ಪಾಚಿ ಇಲ್ಲ, ದರಗಿಲ್ಲ, ತಳದಲ್ಲಿ ಮರಳಿಲ್ಲ. ಬಾಲ್ಟಿಮೋರ್ ಮತ್ತು ಸಿನ್ಸಿನಾಟಿಯ ಮುಚ್ಚಿದ, ತೆರೆದ ತೊರೆಗಳನ್ನ ಹೋಲಿಸಿ ನೋಡಿದಾಗ, ನೈಟ್ರೇಟ್ ಎಲ್ಲಾದ್ರೂ ಹೀರಲ್ಪಡೋ ಮುಂಚೆ ಮುಚ್ಚಿದ ತೊರೆಯಲ್ಲಿ ಸರಾಸರಿ 18 ಪಟ್ಟು ಜಾಸ್ತಿ ದೂರ ಹೋಗ್ತಿತ್ತು. ಬೆಂಗಳೂರಿನಲ್ಲಿ ರಾಜಕಾಲುವೆಗೆ ಎರಡೂ ಕಡೆ ಗೋಡೆ ಕಟ್ಟಿ ತಳಕ್ಕೂ ಕಾಂಕ್ರೀಟ್ ಹಾಕಿದ್ದನ್ನ ಅಭಿವೃದ್ಧಿ ಅಂತ ಬೋರ್ಡ್ ಹಾಕ್ತಾರಲ್ಲ, ನೋಡಿದಾಗೆಲ್ಲಾ ನಂಗೆ ಈ 18 ನೆನಪಾಗತ್ತೆ.

ಬೆಂಗಳೂರು ಅಂದ ಮೇಲೆ ಒಂದು ಎಚ್ಚರಿಕೆ. ಬಾಲ್ಟಿಮೋರ್ ಪಾಠಾನ ಹಾಗೇ ತಂದು ವೃಷಭಾವತಿಗೆ ಅಂಟಿಸೋಕಾಗಲ್ಲ. ಬಸವನಗುಡಿ ಕಡೆ ಹುಟ್ಟಿ ಕೆಂಗೇರಿ ದಾಟಿ ಬೈರಮಂಗಲ ಕೆರೆಗೆ ಹೋಗಿ ಮುಂದೆ ಅರ್ಕಾವತಿ ಸೇರೋ ಆ ಹೊಳೇಲಿ ಈಗ ಬೇಸಿಗೇಲೂ ನೀರಿರೋದು ಸೀವೇಜಿನ ದೆಸೆಯಿಂದ. ಕಚ್ಚಾ ಸೀವೇಜಲ್ಲಿ ನೈಟ್ರೋಜನ್ ಇರೋದು ಹೆಚ್ಚಾಗಿ ಅಮೋನಿಯಾ ರೂಪದಲ್ಲಿ. ಇಂಗಾಲ ಧಾರಾಳ, ಗಾಳಿ ಇಲ್ಲದ ಕೆಸರು ಧಾರಾಳ, ಎರಡನೇ ಗುಂಪು ರೆಡಿಯಾಗಿ ಕೂತಿದೆ, ಆದ್ರೆ ಅವಕ್ಕೆ ಬೇಕಾದ ನೈಟ್ರೇಟ್ ಮಾಡ್ಕೊಡೋ ಮೊದಲ ಗುಂಪಿಗೆ ಆಮ್ಲಜನಕಾನೇ ಇಲ್ಲ. ಅಮೋನಿಯಾ ಅಮೋನಿಯಾ ಆಗೇ ಹರಿಯತ್ತೆ. ಸೀವೇಜ್ ಪ್ಲಾಂಟುಗಳಲ್ಲಿ ಒಂದು ಟ್ಯಾಂಕಿಗೆ ಗಾಳಿ ಊದಿ ಇನ್ನೊಂದಕ್ಕೆ ಗಾಳಿ ಬಿಡದೆ ಇರೋದು ಈ ಎರಡೂ ಗುಂಪಿಗೆ ಬೇರೆಬೇರೆ ಕೋಣೆ ಮಾಡ್ಕೊಡೋಕೆ. ಅಲ್ಲಿ ಮೊದಲು ಸೀವೇಜ್ ನಿಲ್ಲಬೇಕು, ದಂಡೆಯ ಕಥೆ ಆಮೇಲೆ.

ನೈಟ್ರಸ್ ಆಕ್ಸೈಡ್ ಬಗ್ಗೆ ಕೆಲವರು ಹೆದರಿಸ್ತಾರೆ, ಅದು ಕಾರ್ಬನ್ ಡೈಆಕ್ಸೈಡಿಗಿಂತ 270 ಪಟ್ಟು ಹತ್ತಿರ ಜೋರಾಗಿ ಭೂಮಿ ಬಿಸಿ ಮಾಡೋ ಗ್ಯಾಸು, ಬ್ಯಾಕ್ಟೀರಿಯಾಗೆ ಉತ್ತೇಜನ ಕೊಟ್ರೆ ಅದು ಜಾಸ್ತಿ ಬರಲ್ವಾ ಅಂತ. ಅದೇ 72 ತೊರೆಗಳಲ್ಲಿ ನೋಡಿದಾಗ ಗ್ಯಾಸ್ ಆದ ನೈಟ್ರೋಜನ್ನಿನಲ್ಲಿ ಒಂದು ಪರ್ಸೆಂಟಿಗಿಂತ ಕಮ್ಮಿ ನೈಟ್ರಸ್ ಆಕ್ಸೈಡ್ ಆಗಿ ತಪ್ಪಿಸ್ಕೊಳ್ತಿತ್ತು. ನೀರಲ್ಲಿ ನೈಟ್ರೇಟ್ ಏರಿದಷ್ಟೂ ಅದೂ ಒಟ್ಟಾರೆ ಏರತ್ತೆ. ಮೂಲದಲ್ಲೇ ಕಮ್ಮಿ ಮಾಡಿದ್ರೆ ಎರಡಕ್ಕೂ ಒಳ್ಳೇದು.

ಇನ್ನು ಪುಡಿ. ನಿಮ್ಮ ಹಳ್ಳಕ್ಕೂ ಬೇಡ, ಅಪ್ಪನ ಗುಂಡಿಗೂ ಬೇಡ. ಹರಿಯೋ ನೀರಿಗೆ ಪುಡಿ ಸುರಿದ್ರೆ ಅದು ಸಂಜೆಯೊಳಗೆ ಕೊಲ್ಲಿ ಕಡೆ ಪ್ರಯಾಣ, ಉಳಿದ ನಾಲ್ಕು ಕಣಾನೂ ಅಲ್ಲಿ ವರ್ಷಗಳಿಂದ ಮನೆ ಮಾಡ್ಕೊಂಡಿರೋ ಸ್ಥಳೀಯರ ಮುಂದೆ ನಿಲ್ಲಲ್ಲ. ಹಿಡಿ ಕೆಸರಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಆಗಲೇ ಇವೆ, ಡಿನೈಟ್ರಿಫೈ ಮಾಡೋ ಗುಣ ಯಾವುದೋ ಒಂದು ಅಪರೂಪದ ಜಾತೀದಲ್ಲ, ಸಂಬಂಧ ಇಲ್ಲದ ಎಷ್ಟೋ ಜಾತಿಗಳಲ್ಲಿ ಹರಡಿಕೊಂಡಿದೆ, ಜಾಗ ಹದವಾದ್ರೆ ತಾನಾಗೇ ಶುರು ಮಾಡ್ತವೆ. ಗುಂಡಿ ವಿಷಯಕ್ಕೆ ಬಂದ್ರೆ, ದಿನಾ ಬೆಳಿಗ್ಗೆ ಮನೆಮಂದಿ ಎಲ್ಲಾ ಸೇರಿ ಅದಕ್ಕೆ ಬ್ಯಾಕ್ಟೀರಿಯಾ ಸಪ್ಲೈ ಮಾಡ್ತಾನೇ ಇದ್ದಾರಲ್ಲ, ದುಡ್ಡು ಕೊಟ್ಟು ತರೋದು ಯಾಕೆ. ಅಪ್ಪ ನೋಡ್ಬೇಕಾದ್ದು ಬೇರೆ. ಗುಂಡಿ ತುಂಬಿದ್ರೆ ಖಾಲಿ ಮಾಡಿಸ್ಬೇಕು, ಮತ್ತೆ ಅದು ಬಾವಿಗೆ ಎಷ್ಟು ದೂರ, ಬಾವಿಗಿಂತ ಮೇಲಿದೆಯಾ ಕೆಳಗಿದೆಯಾ ಅಂತ ನೋಡ್ಬೇಕು. ಇಂಗುಗುಂಡಿಯಿಂದ ಸೋರಿದ ಅಮೋನಿಯಾ ಗಾಳಿಯಾಡೋ ಮುರಕಲ್ಲಿನ ಮಣ್ಣಲ್ಲಿ ನೈಟ್ರೇಟ್ ಆಗತ್ತೆ, ಆಳದಲ್ಲಿ ಎರಡನೇ ಗುಂಪಿಗೆ ತಿನ್ನೋಕೆ ಇಂಗಾಲ ಸಾಲದು, ಹಾಗಾಗಿ ನೈಟ್ರೇಟ್ ಹಾಗೇ ಬಾವಿ ತನಕ ಬಂದುಬಿಡಬಹುದು. ಪುಡಿಗೆ ಕೊಡೋ ದುಡ್ಡಲ್ಲಿ ಬಾವಿ ನೀರನ್ನ ಒಂದು ಸಲ ಮಳೆಗಾಲದ ಮುಂಚೆ, ಒಂದು ಸಲ ಆಮೇಲೆ ಲ್ಯಾಬಿಗೆ ಕೊಟ್ಟು ನೈಟ್ರೇಟೂ, ಕೊಳಚೆ ಸೇರಿದೆಯಾ ಅಂತ ತೋರಿಸೋ ಕೋಲಿಫಾರ್ಮ್ ಬ್ಯಾಕ್ಟೀರಿಯಾನೂ ನೋಡಿಸಿ ಅಂತ ಹೇಳಿ. ನೈಟ್ರೇಟ್ 45ರ ಹತ್ತಿರ ಇದ್ರೆ ಕಾಯಿಸಿ ಕುಡಿಯೋದ್ರಿಂದ ಪ್ರಯೋಜನ ಇಲ್ಲ, ಕಾಯಿಸಿದ್ರೆ ನೀರು ಆವಿಯಾಗಿ ಹೋಗಿ ನೈಟ್ರೇಟ್ ಇನ್ನೂ ಗಟ್ಟಿ ಆಗತ್ತೆ, ಬೇರೆ ನೀರು ನೋಡ್ಕೋಬೇಕು.

ನಿಮ್ಮ ಹಳ್ಳದ ಕೆಲಸ ಮುಗಿದ ಮೇಲೆ ಒಂದು ಚಿಕ್ಕ ಪರೀಕ್ಷೆ ನೀವೇ ಮಾಡಿ. ಮಳೆ ಇಲ್ಲದ ವಾರದಲ್ಲಿ ನೀರಿನ ಅಂಚಿಂದ ಎರಡು ಮಾರು ದೂರ, ದಂಡೆ ಮೇಲೆ, ಒಂದು ಮೊಳ ಆಳ ಅಗೀರಿ. ಮಣ್ಣು ಒದ್ದೆಯಾಗಿ, ಬೂದು ಬಣ್ಣ ತಿರುಗಿ, ಗದ್ದೆ ಕೆಸರಿನ ವಾಸನೆ ಬರ್ತಿದ್ರೆ ಅವರು ಹೇಳಿದ ಕೆಲಸ ಶುರುವಾಗೋ ಹಾಗಿದೆ. ಪುಡಿಪುಡಿ ಕೆಂಪು ಒಣಮಣ್ಣು ಸಿಕ್ಕಿದ್ರೆ ಮುಂದಿನ ಮೀಟಿಂಗಿಗೆ ಆ ಮಣ್ಣನ್ನೇ ಒಂದು ಡಬ್ಬೀಲಿ ತುಂಬ್ಕೊಂಡು ಹೋಗಿ ಟೇಬಲ್ ಮೇಲಿಡಿ. ಅಕ್ಟೋಬರಿನಲ್ಲಿ ಎಲೆ ಉದುರಿದ ಮೇಲೆ ಬ್ಲೋವರ್ ಹಿಡ್ಕೊಂಡು ಹಳ್ಳದ ದಂಡೆ ಕ್ಲೀನ್ ಮಾಡೋಕೆ ಯಾರಾದ್ರೂ ಬಂದ್ರೆ ವಾಪಸ್ ಕಳಿಸಿ, ಆದ್ರೆ ಲಾನ್ ಕತ್ತರಿಸಿದ ಹುಲ್ಲನ್ನ ಮಾತ್ರ ಹಳ್ಳಕ್ಕೆ ಹಾಕ್ಬೇಡಿ, ಅದು ದರಗಿನ ಹಾಗಲ್ಲ, ಹಸಿರು ಹುಲ್ಲಲ್ಲೇ ನೈಟ್ರೋಜನ್ ತುಂಬಿರತ್ತೆ.